ಕಥೆಯೂ ಕಥೆಗಾರನ ಮಾತೂ

ಸಾಹಿತ್ಯಪತ್ರಿಕೆಗಳು ಸಣ್ಣಕಥೆಯೊಂದನ್ನು ಅಚ್ಚುಮಾಡಿ, ಅದು ಹುಟ್ಟಿದ ಬಗೆಯನ್ನು ಕುರಿತು ಕಥೆಗಾರರಿಂದಲೇ ಎರಡು ಮಾತು ಬರೆಸುವುದುಂಟು. ವಾಚಕರಿಗೆ ಪ್ರಿಯವಾದ ಪುಟವದು, ನನಗೂ ಪ್ರಿಯವೇ. ಆದರೆ ಈಚೆಗೆ ತಾವರಗೇರಾದಲ್ಲಿ ಪಾಠ ಹೇಳುವಾಗ ಆ ಪುಟದ ದೆಸೆಯಿಂದಲೇ ನಾನೊಂದು ತಪ್ಪು ಮಾಡಿದೆ. ಬಾಗಿಲು ತಟ್ಟಿದ ಮಗನಿಗೆ ಬಾಗಿಲು ತೆರೆಯದ ಮುದುಕಿಯೊಬ್ಬಳ ಕಥೆ. ಅದನ್ನು ಓದಿಸುವ ಮೊದಲೇ ಕಥೆಗಾರರ ಮಾತನ್ನು ಓದಿ ಹೇಳಿದೆ. ವಿದ್ಯಾರ್ಥಿಗಳು ಶ್ರದ್ಧೆಯಿಂದ ಬರೆದುಕೊಂಡರು. ಮರುದಿನ ನೋಡಿದರೆ ಕಥೆಯನ್ನು ಯಾರೂ ಓದಿರಲಿಲ್ಲ.

“ಅದರಾಗ ಏನೈತಿ ಅಂತ ನೀವು ನಿನ್ನೇನ ಹೇಳೀರಲ್ರಿ ಸರ್” ಎಂದನೊಬ್ಬ. ಅವನ ದನಿಯಲ್ಲಿ ಉದ್ಧಟತನವಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು. 1948ರವರೆಗೆ ಹೈದರಾಬಾದು ಸಂಸ್ಥಾನದೊಳಗಿದ್ದು, ಉರ್ದುವೇ ಆಡಳಿತಭಾಷೆಯಾಗಿದ್ದ ಸೀಮೆ ನಮ್ಮದು. ಇಲ್ಲಿ ಕನ್ನಡ ಕಥೆಗೆ ಓದುಗನೊಬ್ಬ ಹೆಚ್ಚುವುದು ಸಣ್ಣ ಸಂಗತಿಯಲ್ಲ. ಅಂಥವನನ್ನು ನಾನೇ ಹೊಸ್ತಿಲಿನಿಂದ ಹಿಂದಕ್ಕೆ ಕಳಿಸಿದ್ದೆ.

ಮಾಸ್ತಿಯವರು ನೆನಪಾದರು. 1944ರಿಂದ 1965ರವರೆಗೆ ‘ಜೀವನ’ ಮಾಸಪತ್ರಿಕೆಯನ್ನು ನಡೆಸಿದ ಅವರು ಕಥೆಯನ್ನೂ ಬರೆದರು, ಸಂಪಾದಕೀಯವನ್ನೂ ಬರೆದರು. ಆದರೆ 1910ರ ‘ರಂಗನ ಮದುವೆ’ಗೆ ಹೊರಗಿನ ವಿವರಣೆಯೇ ಬೇಡ. ಹೇಳುವವನ ವಿಚಾರವೆಲ್ಲ ಅಲ್ಲಿ ಕಥೆಯೊಳಗೇ ಕುಳಿತಿದೆ. ಶ್ಯಾಮ ತನ್ನ ಹೊಸಹಳ್ಳಿ ಭೂಪಟದಲ್ಲಿಲ್ಲವೆಂದು ಹುಸಿಮುನಿಸು ತೋರುತ್ತಾನೆ; ಊರಿನ ಮಾವಿನ ಹುಳಿಯನ್ನು ಬಣ್ಣಿಸುತ್ತಾನೆ; ಎಷ್ಟೋ ಹೊತ್ತಿನ ಮೇಲೆ ರಂಗನ ಸುದ್ದಿಗೆ ಬರುತ್ತಾನೆ. ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಹೂಡಿದ ಆಟವನ್ನು ನಮ್ಮೆದುರು ಎಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆ! ಈ ಅಡ್ಡಮಾತುಗಳನ್ನು ಕಿತ್ತರೆ ಉಳಿಯುವುದು ಮದುವೆಯೊಂದರ ವರದಿ. (ಪರೀಕ್ಷೆಗೆಂದು ಸಾರಾಂಶ ಬರೆಸುವ ನಾವು ಮಾಡುತ್ತಿರುವುದೂ ಅದನ್ನೇ.) ಈ ಕಥೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ, ಏನನ್ನೂ ವಿವರಿಸಲಿಲ್ಲ. ಮಾವಿನ ಹುಳಿಗೆ ಎಲ್ಲರೂ ನಕ್ಕರು. ತಮ್ಮ ತಾಂಡಾದ ಹೆಸರೂ ಭೂಪಟದಲ್ಲಿಲ್ಲವೆಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು.

ಹಾಗೆಂದು ಕಥೆಗಾರರು ತಮ್ಮ ಬರಹದ ಬಗ್ಗೆ ಬಾಯಿ ಮುಚ್ಚಿಕೊಂಡಿರಬೇಕೆಂದು ನಾನು ಹೇಳಲಾರೆ. ಬರೆಯುವ ಕೈಯ ಅಳುಕನ್ನು ಅವರಲ್ಲದೆ ಇನ್ನಾರು ಹೇಳಬಲ್ಲರು? ಆದರೆ ಓದಿದ ಮೇಲೆ ಕಥೆಗಾರರೂ ನಮ್ಮ ಪಕ್ಕದಲ್ಲಿ ಕುಳಿತ ಇನ್ನೊಬ್ಬ ಓದುಗರು. ಮೊದಲೇ ಬಂದರೆ ನ್ಯಾಯಾಧೀಶರು.

ಆ ವಾರ ಪತ್ರಿಕೆಯ ಕೊನೆಯ ಪುಟಗಳಿಗೆ ಗುಂಡುಸೂಜಿ ಚುಚ್ಚಿ, ನನಗೆ ಉತ್ತರ ಕೊಟ್ಟ ಹುಡುಗನ ಕೈಗೇ ಇತ್ತೆ. ಕಥೆ ಮುಗಿದ ಮೇಲೆ ಸೂಜಿ ತೆಗೆಯಬಹುದೆಂದೆ. ನಾಲ್ಕು ದಿನ ಬಿಟ್ಟು ಅವನು ಮೊಗಸಾಲೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ.

“ಆ ಮುದುಕಿ ಬಾಗಲಾ ಯಾಕ ತಗೀಲಿಲ್ಲ ಅನ್ನೂದಕ್ಕ ಅವರು ಹೇಳಿದ ಕಾರಣ ತಪ್ಪೈತ್ರಿ ಸರ್.”