ಮನೆ ಮಾರುವ ಮುನ್ನ ಮಧ್ಯವರ್ತಿಯನ್ನು ಅಳೆದು ನೋಡಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ‘ಮನೆ ಮಾರಿ ನೋಡು’ ಎಂದು ಅವರು ಸೇರಿಸಲಿಲ್ಲ. ಕಟ್ಟಿದ ಮನೆಯನ್ನು ಮಾರುವ ಪ್ರಸಂಗವೇ ಆಗ ಅಪರೂಪವಾಗಿತ್ತು. ಈಗ ಕಾಲ ಬದಲಾಗಿದೆ. ಮಗಳ ವೈದ್ಯಕೀಯ ಶಿಕ್ಷಣಕ್ಕೆ, ಮಗನ ಹೊರದೇಶದ ಓದಿಗೆ, ಇಲ್ಲವೇ ಮಕ್ಕಳ ಕಾಲೇಜು ಇರುವ ಊರಿಗೆ ಬಿಡಾರ ಬದಲಿಸಲು ಕುಟುಂಬಗಳು ಪಟ್ಟಣದಲ್ಲಿರುವ ಮನೆಯನ್ನು ಮಾರಲು ಮುಂದಾಗುತ್ತವೆ.

ಮನೆಯವರಿಗೆ ಇದು ಜೀವಮಾನದಲ್ಲಿ ಒಮ್ಮೆ ನಡೆಯುವ ವ್ಯವಹಾರ. ಎದುರಿಗೆ ಕುಳಿತ ಮಧ್ಯವರ್ತಿಗೆ ನಿತ್ಯದ ಕಸುಬು. ಅವನಿಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲ. ತೊಡಕು ಹುಟ್ಟುವುದೇ ಇಲ್ಲಿ.

ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರಲ್ಲಿ ರಚನೆಯಾದಾಗ ದೊಡ್ಡಬಳ್ಳಾಪುರವೆಂದರೆ ಮಗ್ಗದ ಸದ್ದು, ದೇವನಹಳ್ಳಿಯೆಂದರೆ ಚಕ್ಕೋತ ಹಣ್ಣು ನೆನಪಾಗುತ್ತಿದ್ದವು. 2008ರ ಮೇ 24ರಂದು ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾಯಿತು. ಹೊಸಕೋಟೆ, ನೆಲಮಂಗಲಗಳಲ್ಲಿ ಹೆದ್ದಾರಿಗಳು ಅಗಲವಾದವು. ನಿವೇಶನದ ಮಾತು ಚಹಾ ಅಂಗಡಿಯ ಮಾತಾಯಿತು, ಮಧ್ಯವರ್ತಿಗಳೂ ಹೆಚ್ಚಿದರು. ಇವರಲ್ಲಿ ಪ್ರಾಮಾಣಿಕರು ಇದ್ದಾರೆ, ಅವರ ನೆರವಿನಿಂದ ಸುಸೂತ್ರವಾಗಿ ಮನೆ ಮಾರಿದವರೂ ಇದ್ದಾರೆ. ಪ್ರಶ್ನೆ ಇಷ್ಟೇ: ಅಂಥವರನ್ನು ಗುರುತಿಸುವುದು ಹೇಗೆ?

ಒಂದು ಸಣ್ಣ ಲೆಕ್ಕ

ಹೈಸ್ಕೂಲು ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕವೊಂದಿದೆ. ಮಧ್ಯವರ್ತಿಯ ಕಮಿಷನ್ ಶೇಕಡ 2 ಎಂದಿಟ್ಟುಕೊಳ್ಳೋಣ. ಮನೆಗೆ ಈಗಲೇ 60 ಲಕ್ಷ ರೂಪಾಯಿ ಕೊಡುವವರಿದ್ದಾರೆ. ಎರಡು ತಿಂಗಳು ಕಾದರೆ 63 ಲಕ್ಷ ಬರಬಹುದು. ಕಾದರೆ ಮಾಲೀಕನಿಗೆ ಹೆಚ್ಚುವರಿಯಾಗಿ ಸಿಗುವುದು, ಕಮಿಷನ್ ಕಳೆದು, 2,94,000 ರೂಪಾಯಿ. ಮಧ್ಯವರ್ತಿಗೆ ಹೆಚ್ಚುವರಿಯಾಗಿ ಸಿಗುವುದು ಕೇವಲ 6,000. ಈ ಆರು ಸಾವಿರಕ್ಕಾಗಿ ಆತ ಎರಡು ತಿಂಗಳು ಓಡಾಡಬೇಕು. ಅದರ ಬದಲು ಇಂದೇ ವ್ಯವಹಾರ ಮುಗಿಸಿದರೆ 1,20,000 ರೂಪಾಯಿ ಕೈಸೇರುತ್ತದೆ. ‘ಈಗಲೇ ಕೊಟ್ಟುಬಿಡಿ, ಮುಂದೆ ಬೆಲೆ ಬೀಳುತ್ತದೆ’ ಎಂಬ ಸಲಹೆ ಏಕೆ ಬರುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ. ಆ ಸಲಹೆ ಕೆಲವೊಮ್ಮೆ ನಿಜವೂ ಆಗಿರಬಹುದು. ಆದರೆ ಅದನ್ನು ಹೇಳುವವನ ಲಾಭ ಎಲ್ಲಿದೆ ಎಂಬುದು ಮಾಲೀಕನಿಗೆ ತಿಳಿದಿರಬೇಕು.

ಇದು ಬರೀ ಊಹೆಯಲ್ಲ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್‌ಸನ್ ಅಮೆರಿಕದ ಶಿಕಾಗೊ ಸುತ್ತಮುತ್ತಲಿನ ಸುಮಾರು ಒಂದು ಲಕ್ಷ ಮನೆಗಳ ಮಾರಾಟವನ್ನು ಪರಿಶೀಲಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಏಜೆಂಟರು ತಮ್ಮ ಸ್ವಂತ ಮನೆಯನ್ನು ಮಾರುವಾಗ ಸುಮಾರು ಹತ್ತು ದಿನ ಹೆಚ್ಚು ಕಾದಿದ್ದರು. ಬೇರೆಯವರ ಅಂಥದೇ ಮನೆಗಿಂತ ಶೇಕಡ 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ಕೆಲಸ ಅದೇ, ಕೆಲಸಗಾರ ಅವನೇ. ಬದಲಾದದ್ದು ಹಣ ಯಾರದು ಎಂಬುದು ಮಾತ್ರ.

ಗಣಿ ಕಂಡವನ ಕಥೆ

ಇಂಥ ಸಂದರ್ಭವನ್ನು ನಮ್ಮ ದೇಶದ ಕಾನೂನು 1872ರಲ್ಲೇ ಕಂಡುಕೊಂಡಿತ್ತು. ಆ ವರ್ಷದ ಭಾರತೀಯ ಕರಾರು ಕಾಯ್ದೆಯ 215ನೇ ಕಲಮಿನಲ್ಲಿ ಒಂದು ಉದಾಹರಣೆ ಬರುತ್ತದೆ. ಒಬ್ಬ ತನ್ನ ಜಮೀನನ್ನು ಮಾರಿಕೊಡಲು ಏಜೆಂಟನಿಗೆ ಹೇಳುತ್ತಾನೆ. ಏಜೆಂಟ ಜಮೀನು ನೋಡಲು ಹೋದಾಗ ಅಲ್ಲಿ ಗಣಿಯೊಂದು ಕಾಣುತ್ತದೆ. ಅದನ್ನು ಮುಚ್ಚಿಟ್ಟು ‘ನಾನೇ ಕೊಳ್ಳುತ್ತೇನೆ’ ಎಂದು ಕೊಳ್ಳುತ್ತಾನೆ. ಮುಂದೆ ನಿಜ ಗೊತ್ತಾದಾಗ ಮಾಲೀಕ ಆ ಮಾರಾಟವನ್ನು ತಿರಸ್ಕರಿಸಬಹುದು ಅಥವಾ ಒಪ್ಪಬಹುದು, ಆಯ್ಕೆ ಅವನದು.

ನಮ್ಮ ತಾಲ್ಲೂಕುಗಳಲ್ಲಿ ಗಣಿ ಸಿಗುವುದಿಲ್ಲ, ನಿಜ. ಬೀದಿಯ ತುದಿಯಲ್ಲಿ ಬರಲಿರುವ ರಸ್ತೆ, ಹತ್ತಿರದಲ್ಲಿ ಏಳಲಿರುವ ಕಾರ್ಖಾನೆ, ಪಕ್ಕದ ಮನೆ ಕಳೆದ ತಿಂಗಳು ಮಾರಿಹೋದ ಬೆಲೆ - ಇವೇ ಇಂದಿನ ಗಣಿಗಳು. ‘ನಿಮಗೆ ಇಷ್ಟು ಕೈಗೆ ಬರುತ್ತದೆ, ಅದರ ಮೇಲೆ ಬಂದದ್ದು ನನ್ನದು’ ಎಂಬ ಮಾತು, ಅಲ್ಪ ಮುಂಗಡ ಕೊಟ್ಟು ತನ್ನವರ ಹೆಸರಿನಲ್ಲೇ ಅಗ್ರಿಮೆಂಟ್ ಹಾಕಿಸಿಕೊಳ್ಳುವ ಪದ್ಧತಿ, ಇವೆರಡನ್ನೂ ಈ ಬೆಳಕಿನಲ್ಲಿ ನೋಡಬೇಕು. ಬೆಲೆ ಎಷ್ಟು ಬಂತೆಂಬುದೇ ಮಾಲೀಕನಿಗೆ ತಿಳಿಯದಂಥ ಏರ್ಪಾಡಿಗೆ ಒಪ್ಪಬಾರದು.

ಕೇಳಬೇಕಾದ ಪ್ರಶ್ನೆಗಳು

ಒಬ್ಬನೇ ಮಧ್ಯವರ್ತಿಯ ಮಾತು ಕೇಳಿ ನಿರ್ಧರಿಸುವುದು ತರವಲ್ಲ. ಕನಿಷ್ಠ ಮೂವರೊಡನೆ ಮಾತನಾಡಿ, ಒಂದೇ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಈ ಬಡಾವಣೆಯಲ್ಲಿ ಇತ್ತೀಚೆಗೆ ಯಾವ ಮನೆ ಮಾರಿಸಿದ್ದೀರಿ? ಆ ಮಾಲೀಕರನ್ನು ಮಾತನಾಡಿಸಬಹುದೇ? ನೀವು ಹೇಳುತ್ತಿರುವ ಬೆಲೆಗೆ ಆಧಾರವೇನು? ಕೊಳ್ಳುವವರಿಂದಲೂ ಕಮಿಷನ್ ಪಡೆಯುತ್ತೀರಾ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂವರಲ್ಲಿ ಅತಿ ಹೆಚ್ಚು ಬೆಲೆ ಹೇಳಿದವನೇ ಉತ್ತಮನಲ್ಲ. ಕೆಲಸ ಹಿಡಿಯುವ ತನಕ ಆಕಾಶದ ಬೆಲೆ ಹೇಳಿ, ಆಮೇಲೆ ಪ್ರತಿವಾರ ಇಳಿಸುತ್ತ ಬರುವುದು ಹಳೆಯ ಉಪಾಯ. ಉಪ ನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರ ಮತ್ತು ನೆರೆಹೊರೆಯ ನಿಜವಾದ ಮಾರಾಟಗಳನ್ನು ತೋರಿಸಿ ಮಾತನಾಡುವವನ ಮಾತಿಗೆ ಬೆಲೆಯಿದೆ.

‘ರೇರಾ’ ನೋಂದಣಿಯ ಬಗ್ಗೆಯೂ ವಿಚಾರಿಸಬೇಕು. 2016ರ ಸ್ಥಿರಾಸ್ತಿ ಕಾಯ್ದೆಯ ಪ್ರಕಾರ, ನೋಂದಾಯಿತ ಬಡಾವಣೆ ಅಥವಾ ಅಪಾರ್ಟ್‌ಮೆಂಟ್ ಯೋಜನೆಗಳಲ್ಲಿ ಮಾರಾಟ ಮಾಡಿಸುವ ಏಜೆಂಟರು ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಹಳೆಯ ಒಂಟಿ ಮನೆಯ ಮಾರಾಟಕ್ಕೆ ಈ ಕಡ್ಡಾಯ ಅನ್ವಯಿಸದು. ಆದರೂ ನೋಂದಣಿ ಸಂಖ್ಯೆ ಇರುವವರ ಹೆಸರನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಪರೀಕ್ಷಿಸಬಹುದು. ಹೊಣೆ ಹೊರಲು ಸಿದ್ಧನಿರುವ ವ್ಯಕ್ತಿ ಎಂಬುದಕ್ಕೆ ಅದೊಂದು ಗುರುತು. ಪೂರ್ಣ ಭರವಸೆ ಮಾತ್ರ ಅಲ್ಲ.

ಕಹಿ ಮಾತು ಹೇಳುವವನೇ ಲೇಸು

ಒಳ್ಳೆಯ ಮಧ್ಯವರ್ತಿ ಮೊದಲು ಕೇಳುವುದು ಗೋಡೆಯ ಬಣ್ಣವನ್ನಲ್ಲ, ಕಾಗದಪತ್ರಗಳನ್ನು. ಮೂಲ ಕ್ರಯಪತ್ರ ಇದೆಯೇ? ಜಮೀನಿಗೆ ಭೂಪರಿವರ್ತನೆ ಆಗಿದೆಯೇ? ಇ-ಖಾತೆ ಬಂದಿದೆಯೇ? 2024ರ ಅಕ್ಟೋಬರ್‌ನಿಂದ ರಾಜ್ಯದ ನಗರ, ಪಟ್ಟಣಗಳ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಋಣಭಾರ ಪ್ರಮಾಣಪತ್ರಕ್ಕೆ ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಂದಲೇ ಮಾಡಿಸಿದರೆ ಆಸ್ತಿಯ ಚರಿತ್ರೆ ಅವರಿಗೂ ತಿಳಿಯುತ್ತದೆ.

ಎರಡನೆಯದಾಗಿ ಆತ ಕೇಳುವುದು ಹಕ್ಕುದಾರರನ್ನು. ಮನೆ ಪಿತ್ರಾರ್ಜಿತವಾಗಿದ್ದರೆ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯನ್ನು ವ್ಯಾಖ್ಯಾನಿಸುತ್ತ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಇದನ್ನು ಸ್ಪಷ್ಟಪಡಿಸಿದೆ. ಮನೆಯು ಅಪ್ರಾಪ್ತ ವಯಸ್ಸಿನ ಮಗುವಿನ ಹೆಸರಿನಲ್ಲಿದ್ದರೆ, 1956ರ ಕಾಯ್ದೆಯಂತೆ ತಂದೆತಾಯಿಯೂ ನ್ಯಾಯಾಲಯದ ಅನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ. ‘ಹೆಣ್ಣುಮಕ್ಕಳ ಸಹಿ ಆಮೇಲೆ ನೋಡೋಣ’ ಎನ್ನುವ ಮಧ್ಯವರ್ತಿ ಮನೆಯವರನ್ನು ಕೋರ್ಟಿನ ಮೆಟ್ಟಿಲಿಗೆ ಕರೆದೊಯ್ಯುತ್ತಿದ್ದಾನೆ. ‘ಮೊದಲು ಅವರನ್ನು ಕೇಳಿ ಬನ್ನಿ’ ಎನ್ನುವವನ ಮಾತು ಆ ಹೊತ್ತಿಗೆ ಕಹಿ ಎನಿಸಬಹುದು. ಉಪಕಾರ ಮಾಡುವವನು ಅವನೇ.

ಬರೆದುಕೊಟ್ಟರೆ ಮಾತ್ರ ಮಾತು

ಆಯ್ಕೆಯಾದ ಮೇಲೆ ಒಂದು ಪುಟದ ಒಪ್ಪಂದವಾದರೂ ಇರಬೇಕು. ಕಮಿಷನ್ ಶೇಕಡ ಎಷ್ಟು, ಯಾವಾಗ ಕೊಡಬೇಕು, ಜಾಹೀರಾತಿನ ಖರ್ಚು ಯಾರದು, ಅವಧಿ ಎಷ್ಟು ದಿನ ಎಂಬುದನ್ನು ಅದರಲ್ಲಿ ಬರೆಯಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ, ಒಪ್ಪಿಕೊಂಡ ಕೆಲಸ ಮುಗಿಯುವ ತನಕ ಏಜೆಂಟನಿಗೆ ಸಂಭಾವನೆ ಸಲ್ಲುವುದಿಲ್ಲ ಎಂದು ಅದೇ 1872ರ ಕಾಯ್ದೆ ಹೇಳುತ್ತದೆ.

ಮೂಲ ಪತ್ರಗಳನ್ನು ಯಾರ ಕೈಗೂ ಕೊಡಬಾರದು, ಜೆರಾಕ್ಸ್ ಪ್ರತಿ ಸಾಕು. ‘ಓಡಾಟ ತಪ್ಪುತ್ತದೆ, ಜಿ.ಪಿ.ಎ. ಬರೆದುಕೊಡಿ’ ಎಂದರೆ ನಯವಾಗಿ ನಿರಾಕರಿಸಬೇಕು. ಜಿ.ಪಿ.ಎ. ಮೂಲಕ ಮಾಡುವ ‘ಮಾರಾಟ’ದಿಂದ ಒಡೆತನ ವರ್ಗವಾಗದು ಎಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಆದರೂ ಅಂಥ ಪತ್ರ ಹಿಡಿದವನು ಮಾಲೀಕನ ಹೆಸರಿನಲ್ಲಿ ಸಹಿ ಹಾಕಬಲ್ಲ ಎಂಬುದನ್ನು ಮರೆಯಬಾರದು.

ಅರ್ಧ ಹಣ ಚೆಕ್ಕಿನಲ್ಲಿ, ಅರ್ಧ ನಗದಿನಲ್ಲಿ ಎಂಬ ಸಲಹೆಯೂ ಬರುತ್ತದೆ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮಕ್ಕಳ ಓದಿಗೆಂದು ಮನೆ ಮಾರುವವರಿಗೆ ಇನ್ನೊಂದು ಕಾರಣವಿದೆ. ವಿದೇಶದ ಓದಿಗೆ ವೀಸಾ ಕೇಳುವಾಗ ಬ್ಯಾಂಕಿನ ಲೆಕ್ಕದಲ್ಲಿರುವ ಹಣವನ್ನು ತೋರಿಸಬಹುದು, ಗೋದ್ರೇಜ್ ಬೀರುವಿನಲ್ಲಿರುವ ಹಣವನ್ನು ತೋರಿಸಲಾಗದು.

ಮನೆ ಮಾರುವ ವಿಷಯವನ್ನು ಹಿರಿಯರಷ್ಟೇ ಪಿಸುಗುಟ್ಟುವುದು ನಮ್ಮ ರೂಢಿ. ಎಸ್ಸೆಸ್ಸೆಲ್ಸಿ, ಪಿ.ಯು.ಸಿ. ಓದುವ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಮೇಲು. ಶೇಕಡಾವಾರು ಲೆಕ್ಕ ಅವರಿಗೆ ಚೆನ್ನಾಗಿ ಬರುತ್ತದೆ. ಮಧ್ಯವರ್ತಿ ಹೊರಟ ಮೇಲೆ ಅವರು ಕೇಳಬೇಕಾದ ಪ್ರಶ್ನೆ ಒಂದೇ: ‘ಈತ ಹೇಳಿದ್ದರಲ್ಲಿ ಈತನಿಗೆ ನಷ್ಟವಾಗುವಂಥ ಒಂದಾದರೂ ಮಾತಿತ್ತೇ?’ ಇತ್ತು ಎಂದಾದರೆ ಆತನನ್ನು ಮತ್ತೊಮ್ಮೆ ಮನೆಗೆ ಕರೆಯಬಹುದು.