ಉದ್ಯೋಗಪ್ರಸ್ತಾವಕ್ಕೆ ಉತ್ತರ: ಒಂದು ವಿವೇಚನೆ

ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದು ತಿರುಮಕೂಡಲು ನರಸೀಪುರದ ಪದವೀಧರನೊಬ್ಬನಿಗೆ ಕೆಲಸ ಕೊಡುವುದಾಗಿ ಪತ್ರ ಬರೆದಿದೆಯೆಂದು ಭಾವಿಸೋಣ. ತಿಂಗಳಿಗೆ 18,000 ರೂಪಾಯಿ ವೇತನ. ಉತ್ತರಿಸಲು ಏಳು ದಿನಗಳ ಅವಧಿ. ದಿನನಿತ್ಯದ ಬಸ್ಸಿನ ವೆಚ್ಚವನ್ನೆಣಿಸಿದ ತರುಣನು, “20,000 ಕೊಟ್ಟರೆ ಒಪ್ಪುತ್ತೇನೆ” ಎಂದು ಬರೆಯುತ್ತಾನೆ. ಇದು ಅಂಗೀಕಾರವೆ?

ಅಲ್ಲ. 1872ನೆಯ ಭಾರತೀಯ ಕರಾರು ಅಧಿನಿಯಮದ 7ನೆಯ ಪ್ರಕರಣದಂತೆ ಅಂಗೀಕಾರವು ಪೂರ್ಣವೂ ನಿರುಪಾಧಿಕವೂ ಆಗಿರತಕ್ಕದ್ದು. ಷರತ್ತಿನ ಒಪ್ಪಿಗೆಯು ಹೊಸ ಪ್ರಸ್ತಾವವೆನಿಸಿ ಮೊದಲಿನದನ್ನು ಅಳಿಸುತ್ತದೆ. ಇಂಗ್ಲೆಂಡಿನ ಹೈಡ್–ರೆಂಚ್ ಮೊಕದ್ದಮೆಯಲ್ಲಿ (1840) ಸಾವಿರ ಪೌಂಡಿನ ಜಮೀನಿಗೆ 950 ಹೇಳಿದ ಹೈಡನು, ಅದು ನಿರಾಕೃತವಾದ ಮೇಲೆ ಸಾವಿರಕ್ಕೇ ಒಪ್ಪಿದನು. ಆದರೂ ಕರಾರು ಏರ್ಪಡಲಿಲ್ಲವೆಂದು ತೀರ್ಪಾಯಿತು. ಅಂತೆಯೇ ನಮ್ಮ ತರುಣನು ಬಳಿಕ 18,000ಕ್ಕೆ ಒಪ್ಪಿದರೂ ಕಾರ್ಖಾನೆಯು ಬದ್ಧವಲ್ಲ.

ಹಾಗಾದರೆ ಕೇಳಲೇಬಾರದೆ? ಕೇಳಬಹುದು. ಸ್ಟೀವನ್ಸನ್–ಮೆಕ್ಲೀನ್ ಮೊಕದ್ದಮೆಯಲ್ಲಿ (1880) ಕಬ್ಬಿಣದ ಸರಬರಾಜಿಗೆ ಹೆಚ್ಚು ಕಾಲಾವಕಾಶವುಂಟೆ ಎಂದು ವಿಚಾರಿಸಿದ್ದರಿಂದ ಪ್ರಸ್ತಾವವು ಅಳಿಯಲಿಲ್ಲ. ಆದುದರಿಂದ, “ತಮ್ಮ ಪ್ರಸ್ತಾವವು ನನ್ನ ಪರಿಶೀಲನೆಯಲ್ಲಿದೆ, ಪ್ರಯಾಣಭತ್ಯಕ್ಕೆ ಅವಕಾಶವುಂಟೆ ಎಂಬುದನ್ನು ದಯವಿಟ್ಟು ತಿಳಿಸಬೇಕು” ಎಂದು ಬರೆಯುವುದು ಲೇಸು. “ಕೊಟ್ಟರೆ” ಎಂಬುದು ಷರತ್ತು, “ಉಂಟೆ” ಎಂಬುದು ಪ್ರಶ್ನೆ. ಪ್ರತ್ಯಯದ ಈ ಅಲ್ಪಭೇದದಲ್ಲಿಯೇ ಉದ್ಯೋಗದ ಅಳಿವು ಉಳಿವುಗಳು ಅಡಗಿವೆ.

ಪ್ರಶ್ನಿಸುವುದರಲ್ಲಿಯೂ ಅಪಾಯವಿಲ್ಲದಿಲ್ಲ. 5ನೆಯ ಪ್ರಕರಣದಂತೆ, ಅಂಗೀಕಾರವು ಪೂರ್ಣವಾಗುವ ಮುನ್ನ ಪ್ರಸ್ತಾವವನ್ನು ಹಿಂತೆಗೆದುಕೊಳ್ಳಬಹುದು. 6ನೆಯದರಂತೆ, ಅವಧಿ ಮುಗಿದೊಡನೆ ಅದು ತಾನಾಗಿಯೇ ರದ್ದಾಗುತ್ತದೆ. ಆದಕಾರಣ ಮೊದಲ ದಿನವೇ ಪ್ರಶ್ನಿಸಿ, ಮರುತ್ತರ ಬರಲಿ ಬಾರದಿರಲಿ, ಅವಧಿಯೊಳಗೆ ತನ್ನ ನಿರ್ಧಾರವನ್ನು ಬರೆದು ಕಳುಹಿಸುವುದೇ ವಿವೇಕ.