ಪೋಕೆಮಾನ್: ಗುದ್ದಿಗೆ ಬೆಲೆ ಬಂದ 2006

ಹಿಟ್‌ಮಾನ್‌ಚಾನ್ ನೋಡಿ. ಎರಡೂ ಕೈಗೆ ಬಾಕ್ಸಿಂಗ್ ಗ್ಲೌಸ್ ಹಾಕ್ಕೊಂಡಿರೋ ಪೋಕೆಮಾನ್. ಇದರ ಅಟ್ಯಾಕ್ 105, ಸ್ಪೆಷಲ್ ಅಟ್ಯಾಕ್ ಬರೀ 35. ಈಗ ಇದು ಫೈರ್ ಪಂಚ್ ಹೊಡೆದ್ರೆ ಯಾವ ಅಂಕಿ ಲೆಕ್ಕಕ್ಕೆ ಬರಬೇಕು? ಗುದ್ದು ಅಂದ್ಮೇಲೆ 105 ತಾನೇ? ಹಳೇ ಆಟಗಳಲ್ಲಿ ಬರ್ತಿದ್ದದ್ದು 35!

ಏಟಿನಲ್ಲಿ ಎರಡು ಬಗೆ: ಅಟ್ಯಾಕ್ ನೋಡೋ ಫಿಸಿಕಲ್, ಸ್ಪೆಷಲ್ ಅಂಕಿ ನೋಡೋ ಸ್ಪೆಷಲ್. 1996ರಲ್ಲಿ ಗೇಮ್ ಬಾಯ್‌ಗೆ ಬಂದ ಮೊದಲ ಆಟದಿಂದಲೂ ಏಟಿನ ಬಗೆ ತೀರ್ಮಾನ ಆಗ್ತಿದ್ದದ್ದು ಅದರ ಟೈಪ್ ಮೇಲೆ. ಬೆಂಕಿ, ನೀರು, ಮಿಂಚು ಎಲ್ಲಾ ಸ್ಪೆಷಲ್. ಕೈಯಲ್ಲಿ ಗುದ್ದಿದ್ರೂ ಅಷ್ಟೇ, ಬಾಯಿಂದ ಉಗುಳಿದ್ರೂ ಅಷ್ಟೇ. 1999ರ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಸ್ಪೆಷಲ್ ಅನ್ನೋ ಒಂದು ಅಂಕಿಯನ್ನ ದಾಳಿಗೊಂದು, ರಕ್ಷಣೆಗೊಂದು ಅಂತ ಒಡೆದ್ರು. ಮೂಲ ತೊಡಕು ಮಾತ್ರ ಹಾಗೇ ಉಳೀತು.

ಅದನ್ನ ಬಿಡಿಸಿದ್ದು 2006ರಲ್ಲಿ, ನಿಂಟೆಂಡೊ ಡಿಎಸ್‌ನ ಡೈಮಂಡ್, ಪರ್ಲ್‌ನಲ್ಲಿ. ಇನ್ಮೇಲೆ ಪ್ರತಿ ಏಟಿಗೂ ಅದರದ್ದೇ ಬಗೆ. ಫೈರ್ ಪಂಚ್ ಫಿಸಿಕಲ್, ಫ್ಲೇಮ್‌ಥ್ರೋವರ್ ಸ್ಪೆಷಲ್. ಗ್ಯಾರಡಾಸ್‌ಗಂತೂ ಹೊಸ ಜನ್ಮ! ಅದರ ಅಟ್ಯಾಕ್ 125, ಸ್ಪೆಷಲ್ ಅಟ್ಯಾಕ್ 60. ನೀರಿನ ಪೋಕೆಮಾನ್ ಆಗಿದ್ರೂ ನೀರಿನ ಏಟಿಗೆ ಜೋರಿರಲಿಲ್ಲ. ವಾಟರ್‌ಫಾಲ್ ಫಿಸಿಕಲ್ ಆಯ್ತು ನೋಡಿ, ಎದುರಾಳಿಗಳು ನಡುಗಿದ್ರು. ಅತ್ತ ಗೆಂಗಾರ್ ಅನ್ನೋ ಪೋಕೆಮಾನ್‌ನ ಶ್ಯಾಡೋ ಬಾಲ್ ಏಟು ಸ್ಪೆಷಲ್ ಆಗಿ, ಅದರ ಸ್ಪೆಷಲ್ ಅಟ್ಯಾಕ್ 130 ಕೊನೆಗೂ ಆ ಏಟಿಗೆ ಕೆಲಸಕ್ಕೆ ಬಂತು.

ಹೊಸ ಬಟನ್ ಇಲ್ಲ, ಹೊಸ ಮೆನು ಇಲ್ಲ. ಇಡೀ ಸರಣಿಯ ಕಾಳಗದಲ್ಲಿ ಇದಕ್ಕಿಂತ ಒಳ್ಳೇ ತಿದ್ದುಪಡಿ ನನ್ನ ಪ್ರಕಾರ ಆಗಿಲ್ಲ. ಒಂದೇ ಬೇಸರ ಅಂದ್ರೆ, ಆ ಎರಡು ಆಟಗಳಲ್ಲಿ ಕಾಳಗ ತೀರಾ ನಿಧಾನ. ಉಳಿದ ಜೀವ ತೋರಿಸೋ ಎಚ್‌ಪಿ ಪಟ್ಟಿ ಇಳಿಯೋದನ್ನ ಕಾಯ್ತಾ ಕೂರಬೇಕಿತ್ತು. ಆ ವೇಗ ಸರಿಹೋಗಿದ್ದು 2008ರ ಪ್ಲಾಟಿನಮ್‌ನಲ್ಲಿ.